ಸುರಗಿಪೇಟೆಯ ಮದುವೆಗಳಿಗೆ ಹಾಡಿದ ಹೊನ್ನಮ್ಮ

ಸುರಗಿಪೇಟೆಯಲ್ಲಿ ಸ್ಮಶಾನವಿರಲಿಲ್ಲ. ಬಸ್‌ಸ್ಟ್ಯಾಂಡ್ ಇತ್ತು, ಎದುರಿಗೆ ಖಾನಾವಳಿ, ಹಿಟ್ಟಿನ ಗಿರಣಿ, ಹುಡುಗಿಯರ ಹೈಸ್ಕೂಲು, ಪೋಸ್ಟಾಫೀಸು, ಮುನಿಸಿಕೊಂಡ ಪ್ರೇಮಿಗಳು ಕೂತು ಕಲ್ಲೆಸೆಯಲು ಒಂದು ಕೆರೆ. ಅರವತ್ತು ಚಿಲ್ಲರೆ ಕಾದಂಬರಿಗಳು ಆ ಊರಿನಲ್ಲಿ ನಡೆದುಹೋದವು. ಒಬ್ಬರೂ ಸಾಯಲಿಲ್ಲ, ಬಹುಕಾಲ ಒಬ್ಬಳ ಹೊರತು ಯಾರೂ ಊರು ಬಿಡಲೂ ಇಲ್ಲ. ಪ್ರತಿ ಪುಸ್ತಕದಲ್ಲೂ ಒಬ್ಬ ಹುಡುಗಿ ಬಸ್ಸಿನಿಂದ ಇಳಿಯುತ್ತಾಳೆ, ಅವಳ ಟ್ರಂಕು ಒಬ್ಬ ಹುಡುಗನ ಕಾಲ ಮೇಲೆ ಬೀಳುತ್ತದೆ, ಜಗಳವಾಗುತ್ತದೆ, ಮಳೆ ಬರುತ್ತದೆ, ಇಬ್ಬರಿಗೆ ಒಂದೇ ಕೊಡೆ ಇರುತ್ತದೆ, ಕೊನೆಯ ಪುಟದಲ್ಲಿ ಮದುವೆಯಾಗುತ್ತದೆ. ಮುಂದಿನ ಪುಸ್ತಕದಲ್ಲಿ ಅದೇ ಹುಡುಗಿ ಕಂಕುಳಲ್ಲೊಂದು ಕೂಸನ್ನು ಇಟ್ಟುಕೊಂಡು, ಹೊಸದಾಗಿ ಬಸ್ಸಿಳಿದವಳಿಗೆ ಅವಲಕ್ಕಿ ಕಲಸಿಕೊಡುತ್ತಾಳೆ.

‘ಸುರಗಿಪೇಟೆ ಮಾಲೆ’ ಎಂಬುದು ಇದರ ಹೆಸರು. ಬರೆಯುತ್ತಿದ್ದವರು ಕುಮಾರಿ ಸೌಗಂಧಿನಿ. ನಾನು ಕಾರವಾರದ ಕಾನ್ವೆಂಟಿನಲ್ಲಿ ಎಂಟನೇ ಇಯತ್ತೆಯಲ್ಲಿದ್ದಾಗ ಮಾರಲ್ ಸೈನ್ಸ್ ಪುಸ್ತಕದ ಹೊಟ್ಟೆಯೊಳಗೆ ಅಡಗಿಸಿಟ್ಟು ಈ ಮರುಳು ಸೈನ್ಸನ್ನೂ ಓದುತ್ತಿದ್ದೆ. ಆಗಲೂ ಅವರು ಕುಮಾರಿಯೇ. ನನ್ನ ಕಿವಿಯ ಮೇಲೆ ನರೆ ಕಂಡಾಗಲೂ ಕುಮಾರಿಯೇ. ಊರವರಿಗೆಲ್ಲ ಮದುವೆ ಮಾಡಿಸುವ ಭರಾಟೆಯಲ್ಲಿ ಸ್ವಂತದ್ದಕ್ಕೆ ಬಿಡುವಾಗಿರಲಿಕ್ಕಿಲ್ಲ. ಅವರಿಗೆ ಮೀಸೆ ಇದೆ, ಅವರು ಹುಬ್ಬಳ್ಳಿಯ ಒಬ್ಬ ರಿಟಾಯರ್ಡ್ ಗುಮಾಸ್ತರು ಎಂದು ಕಾರವಾರ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯವನು ಹೇಳುತ್ತಿದ್ದ. ಅದನ್ನು ನಾನು ಯಾರಿಗೂ ಹೇಳಲಿಲ್ಲ, ಅದರಲ್ಲೂ ಹೊನ್ನಮ್ಮನಿಗೆ ಹೇಳಲಿಲ್ಲ.

ಹೊನ್ನಮ್ಮನನ್ನು ನಾನು ಕಂಡದ್ದು ಅಂಕೋಲೆಯ ಬಾಳೆಗುಳಿಯ ಹತ್ತಿರದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ. ಎರಡು ಸಾವಿರದ ಮೂರು, ನಾಲ್ಕನೇ ಇಸವಿಯ ಮಾತು. ನಾನಲ್ಲಿ ಲೆಕ್ಕ ಬರೆಯುತ್ತಿದ್ದೆ. ಕಾರವಾರದಿಂದ ದಿನಾ ಬಸ್ಸಿನಲ್ಲಿ ಅಂಕೋಲೆಗೆ ಹೋಗಿ ಬರುವ ಕೆಲಸ. ಕಾನ್ವೆಂಟಿನ ಇಂಗ್ಲಿಷಿಗೆ ಗೇರುಬೀಜ ಸೊಪ್ಪು ಹಾಕುವುದಿಲ್ಲ, ಅದಕ್ಕೆ ತೂಕ ಗೊತ್ತಿದ್ದರೆ ಸಾಕು. ಅಲ್ಲಿಯ ಹೆಂಗಸರು ನನ್ನನ್ನು ಗೌರವದಿಂದ ‘ಬಾಯಿ’ ಎನ್ನುತ್ತಿದ್ದರು, ನಾನು ಆ ಹೆಸರನ್ನು ಮುಚ್ಚಿಕೊಂಡೇ ಇರುತ್ತಿದ್ದೆ.

ಉದ್ದನೆಯ ತಗಡಿನ ಶೆಡ್ಡು. ಹುರಿದು, ಒಡೆದು, ಒಣಗಿಸಿದ ಬೀಜ ಅಲ್ಲಿಗೆ ಬರುತ್ತಿತ್ತು. ಹೆಂಗಸರು ಸಾಲಾಗಿ ಕೂತು, ಸಣ್ಣ ಚೂರಿಯಲ್ಲಿ ತಿರುಳಿನ ಮೇಲಿನ ಕೆಂಪು ಸಿಪ್ಪೆ ಬಿಡಿಸಬೇಕು. ತಿರುಳು ತುಂಡಾಗಬಾರದು, ಬಾಯಿಗೆ ಹೋಗಬಾರದು. ಕಣ್ಣು, ಕೈ ಎರಡೂ ಅದರಲ್ಲೇ. ಖಾಲಿ ಇರುವುದು ಕಿವಿ ಮಾತ್ರ. ಆ ಕಿವಿಗಳಿಗೆ ಮೊದಲು ಮೇಸ್ತ್ರಿ ಸೋಮುವಿನ ರೇಡಿಯೋ ಇತ್ತು. ಅದು ಒಂದು ಮಳೆಗಾಲದಲ್ಲಿ ಕೆಟ್ಟಿತು. ರಿಪೇರಿಗೆ ಒಯ್ದವನು ಅದನ್ನು ವಾಪಸು ತರಲಿಲ್ಲ. ನಾನು ಬಸ್ಸಿನಲ್ಲಿ ಓದಲು ತಂದಿದ್ದ ಸುರಗಿಪೇಟೆಯೊಂದನ್ನು ಕವಿತಾ ಊಟದ ಹೊತ್ತಿನಲ್ಲಿ ನನ್ನ ಮೇಜಿನಿಂದ ಎತ್ತಿಕೊಂಡು ಗಟ್ಟಿಯಾಗಿ ಓದತೊಡಗಿದಳು.

ಕವಿತಾ ಅಲ್ಲಿಯ ಹೆಂಗಸರಲ್ಲಿ ಚಿಕ್ಕವಳು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಬಿದ್ದು, ಏಳದೆ ಹಾಗೇ ಕಾರ್ಖಾನೆಗೆ ಬಂದಿದ್ದಳು. ದನಿ ಮಾತ್ರ ಪಾಸಾದವಳದ್ದು. ಊಟ ಮುಗಿಯಿತು, ಕಥೆ ಮುಗಿಯಲಿಲ್ಲ. ನಾಯಕಿ ಕೆರೆಯ ದಂಡೆಯಲ್ಲಿ ಅಳುತ್ತ ನಿಂತಿದ್ದಳು.

‘ಓದೇ, ನಿಲ್ಸಬೇಡ’ ಎಂದಳು ಸಾಲಿನ ತುದಿಯಲ್ಲಿದ್ದ ಹೊನ್ನಮ್ಮ.

‘ಓದ್ತಾ ಕೂತ್ರೆ ನನ್ನ ಬೀಜ ಯಾರ್ ಬಿಡ್ಸೂದು ಅಜ್ಜಿ?’

‘ನಾನ್ ಬಿಡಸ್ತೆ. ನೀ ಓದು. ಆ ಹುಡ್ಗಿ ನೀರಿಗೆ ಹಾರೂಕೆ ಮುಂಚೆ ಓದು.’

ಹೀಗೆ ಪದ್ಧತಿ ಬಿತ್ತು. ಒಬ್ಬೊಬ್ಬಳೂ ತಾನು ಬಿಡಿಸಿದ್ದರಲ್ಲಿ ಒಂದು ಹಿಡಿ ಕವಿತಾಳ ತಟ್ಟೆಗೆ ಹಾಕುವುದು, ಕವಿತಾ ಓದುವುದು. ಸೋಮು ಮೇಸ್ತ್ರಿ ಎರಡು ದಿನ ಕೂಗಾಡಿದ. ಮೂರನೆಯ ದಿನ ಕಂಬಕ್ಕೆ ಒರಗಿ, ‘ಅಲ್ಲಾ, ಆ ಪೋಸ್ಟ್ ಮಾಸ್ತರ ಕಾಗ್ದ ಯಾಕೆ ಮುಚ್ಚಿಟ್ಟ?’ ಎಂದು ಕೇಳಿದ. ಅಲ್ಲಿಂದ ಮುಂದೆ ಪುಸ್ತಕ ತರುವುದು ನನ್ನ ಕೆಲಸವಾಯಿತು. ಕಾದಂಬರಿ ಅಂದರೆ ಕಾದು ಬರುವುದು ಎಂದು ನಾನು ಅರ್ಥ ಹೇಳಿದರೆ ಯಾರೂ ನಗುತ್ತಿರಲಿಲ್ಲ, ಏಕೆಂದರೆ ಅವರು ನಿಜವಾಗಿಯೂ ಕಾಯುತ್ತಿದ್ದರು. ಮೂರು ನಾಲ್ಕು ತಿಂಗಳಿಗೊಂದು ಹೊಸದು. ನಡುವೆ ಹಳೆಯವು.

ಆ ಮೊದಲ ಪುಸ್ತಕ ಮುಗಿದ ದಿನದ್ದು ಇದು. ಕವಿತಾ ಕೊನೆಯ ಸಾಲು ಓದಿ ಪುಸ್ತಕ ಮುಚ್ಚಿದಳು. ಹೆಂಗಸರೆಲ್ಲ ಉಸಿರುಬಿಟ್ಟರು.

‘ಹಾಡು ಯಾರ್ ಹೇಳ್ದರು?’ ಎಂದು ಹೊನ್ನಮ್ಮ ಕೇಳಿದಳು.

‘ಎಂತಾ ಹಾಡು ಅಜ್ಜಿ?’

‘ಮದಿ ಹಾಡೇ! ಹುಡ್ಗಿಗೆ ಅರಿಶಿಣ ಹಚ್ಚದ್ರಾ, ಬಾಸಿಂಗ ಕಟ್ಟದ್ರಾ, ಮನೆ ತುಂಬ್ಸದ್ರಾ, ಯಾವ್ದಕ್ಕೂ ಹಾಡಿಲ್ಯಾ?’

‘ಪುಸ್ತಕದಾಗೆ ಶುಭಂ ಹೇಳಿ ಬರದರೆ.’

‘ಶುಬಮ್ಮ ಯಾರು? ಅವ್ಳ್ ಹಾಡೂದಾ?’

ಶೆಡ್ಡಿಗೆ ಶೆಡ್ಡೇ ನಕ್ಕಿತು. ಹೊನ್ನಮ್ಮ ನಗಲಿಲ್ಲ. ‘ಹಾಡಿಲ್ದೆ ಕಳ್ಸಿದ ಹೆಣ್ಣು ಮನೆ ಮುಟ್ಟೂದಿಲ್ಲ. ಹಾದೀಲೇ ಉಳೀತದೆ’ ಎಂದವಳೇ, ಚೂರಿ ಕೆಳಗಿಡದೆ, ಸಿಪ್ಪೆ ಬಿಡಿಸುತ್ತಲೇ ಹಾಡಿದಳು. ಅಕ್ಕಪಕ್ಕದಲ್ಲಿದ್ದ, ಅವಳದೇ ಹಾಲಕ್ಕಿ ಜನಾಂಗದ ಹೆಂಗಸರು ದನಿ ಸೇರಿಸಿದರು. ಅರಿಶಿಣಕ್ಕೊಂದು, ಬಾಸಿಂಗಕ್ಕೊಂದು, ಕೊನೆಗೆ ಹೊಸ್ತಿಲ ಮೇಲೆ ಅಕ್ಕಿ ಚೆಲ್ಲಿ ಒಳಗೆ ಬರುವ ಮದುಮಗಳನ್ನು ಮನೆ ತುಂಬಿಸಿಕೊಳ್ಳುವುದಕ್ಕೊಂದು. ಮಳೆ ಹೊಡೆಯುವ ತಗಡಿನ ಕೆಳಗೆ, ಹುಬ್ಬಳ್ಳಿಯ ಅಚ್ಚಿನ ಮನೆಯಲ್ಲಿ ಹುಟ್ಟಿದ ಒಬ್ಬ ಹುಡುಗಿಗೆ ಅಂಕೋಲೆಯ ಮದುವೆಯಾಯಿತು.

ಅಂದಿನಿಂದ ಸುರಗಿಪೇಟೆಯಲ್ಲಿ ಯಾರ ಮದುವೆಯಾದರೂ ಹೊನ್ನಮ್ಮ ಹಾಡಲೇಬೇಕು. ಅವಳು ಊರಿನ ಮದುವೆಗಳಿಗೂ ಹಾಡುವವಳೇ. ಅವಳ ಕೇರಿಯಲ್ಲಿ ಮದುವೆ ಗೊತ್ತಾದರೆ ವೀಳ್ಯ ಹಿಡಿದು ಮೊದಲು ಅವಳ ಅಂಗಳಕ್ಕೆ ಬರುತ್ತಿದ್ದರು. ಅಷ್ಟೊಂದು ಹೆಣ್ಣುಮಕ್ಕಳನ್ನು ಹಾಡಿ ಕಳಿಸಿದವಳು ಒಬ್ಬಳಿಗೆ ಮಾತ್ರ ಹಾಡಿರಲಿಲ್ಲ. ಅವಳು ಹೊನ್ನಮ್ಮನ ಮಗಳು ಕಾಮಿ.

ಇದನ್ನು ನನಗೆ ಹೇಳಿದವಳು ಕವಿತಾ, ಅದೂ ದನಿ ತಗ್ಗಿಸಿ. ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಕಾಮಿ ಕಾರವಾರದ ಕಡೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾಗ ಮಾಜಾಳಿಯ ವಿನೋದ ಎಂಬ ಹುಡುಗನನ್ನು ಮೆಚ್ಚಿಕೊಂಡಳು. ಕೊಂಕಣಿ ಮಾತಾಡುವ ಮೀನುಗಾರರ ಮನೆಯವನು. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಅಂಗಳದಲ್ಲಿ ನಿಂತು, ಕೇರಿಯೆಲ್ಲ ಕೇಳುವ ಹಾಗೆ, ‘ನನ್ನ ಬಾಯಿಂದ ನಿಂಗೆ ಹಾಡು ಹೊರಡೂದಿಲ್ಲ’ ಎಂದಳು ತಾಯಿ. ‘ನೀ ಹಾಡದೆ ಈ ಅಂಗಳಕ್ಕೆ ನಾ ಕಾಲಿಡೂದಿಲ್ಲ’ ಎಂದಳು ಮಗಳು. ಇಬ್ಬರೂ ಮಾತಿಗೆ ತಪ್ಪುವ ಜಾತಿಯವರಲ್ಲ. ಅಂಕೋಲೆಯಿಂದ ಮಾಜಾಳಿ ಏನು ಮಹಾ ದೂರ? ಎರಡು ಬಸ್ಸು. ಬೆಳಿಗ್ಗೆ ಗಂಜಿ ಉಂಡು ಹೊರಟರೆ ಸಂಜೆ ದನಕ್ಕೆ ಹುಲ್ಲು ಹಾಕಲು ವಾಪಸು ಬರಬಹುದು. ಅಷ್ಟು ಹತ್ತಿರವಿದ್ದರೆ ಹೋಗದೇ ಇರುವುದಕ್ಕೆ ದಿನಾ ಹಟ ಮಾಡಬೇಕಾಗುತ್ತದೆ.

ಸುರಗಿಪೇಟೆಯನ್ನು ಬಿಟ್ಟುಹೋದ ಒಬ್ಬಳಿದ್ದಳು ಎಂದೆನಲ್ಲ, ಅವಳು ಗಿರಣಿಯ ರತ್ನಮ್ಮನ ಮಗಳು ಮಾಲಿನಿ. ಯಾವುದೋ ಹಳೆಯ ಪುಸ್ತಕದಲ್ಲಿ ತಾಯಿಯೊಡನೆ ಜಗಳವಾಡಿ ನಸುಕಿನ ಬಸ್ಸು ಹತ್ತಿದ್ದಳು. ಆಮೇಲಿನ ಪ್ರತಿ ಕಾದಂಬರಿಯಲ್ಲೂ ರತ್ನಮ್ಮನಿಗೆ ಒಂದೇ ಒಂದು ಸಾಲು. ಬಸ್ಸು ಬಂದ ಸದ್ದಾದಾಗ ಗಿರಣಿಯ ಬಾಗಿಲಲ್ಲಿ ತಲೆ ಎತ್ತಿ ನೋಡುತ್ತಾಳೆ, ಮತ್ತೆ ಹಿಟ್ಟಿನ ಕಡೆ ತಿರುಗುತ್ತಾಳೆ. ಸೌಗಂಧಿನಿಯವರು ಇದನ್ನು ಊಟದ ಎಲೆಯ ತುದಿಗೆ ಉಪ್ಪು ಬಡಿಸಿದ ಹಾಗೆ ಅಭ್ಯಾಸಬಲದಿಂದ ಬಡಿಸುತ್ತಿದ್ದರೋ ಏನೋ. ಆದರೆ ಈ ಮಾಲೆಯ ಮೋಹವಿದ್ದದ್ದೇ ಅಲ್ಲಿ. ಟ್ರಂಕು, ಕೊಡೆ, ಮಳೆ ಇವೆಲ್ಲ ಯಾವ ಪುಸ್ತಕದಲ್ಲೂ ಸಿಗುತ್ತವೆ. ಇಲ್ಲಿ ಮಾತ್ರ ಮೂಲೆಯಲ್ಲಿ ನಿಂತವರಿಗೂ ಒಂದು ದಿನ ಅವರದೇ ಪುಸ್ತಕ ಬರುತ್ತದೆ ಎಂಬ ಭರವಸೆ ಇತ್ತು. ಕುಂಟ ದರ್ಜಿಗೆ ಬಂತು, ಹೈಸ್ಕೂಲಿನ ಸಿಡುಕಿ ಅಕ್ಕೋರಿಗೂ ಬಂತು. ರತ್ನಮ್ಮನ ಮಗಳಿಗೆ ಬರದೆ ಇರುತ್ತದೆಯೇ?

‘ಬಂತಾ?’ ಎಂದು ಹೊನ್ನಮ್ಮ ಹೊಸ ಪುಸ್ತಕ ಕಂಡ ಕೂಡಲೇ ಕೇಳುತ್ತಿದ್ದಳು. ಯಾರು ಎಂದು ಕೇಳುವ ಅಗತ್ಯವಿರಲಿಲ್ಲ.

‘ಈ ಸಲ ಪೋಸ್ಟ್ ಮಾಸ್ತರನ ತಂಗಿದು ಅಜ್ಜಿ.’

‘ಆಗ್ಲಿ, ಅವ್ಳದ್ದೂ ಆಗ್ಲಿ’ ಎಂದು ಚೂರಿ ಕೈಗೆತ್ತಿಕೊಳ್ಳುತ್ತಿದ್ದಳು. ಓದು ನಡೆಯುವಾಗ ಬಸ್ಸಿನ ಸದ್ದು ಬಂದಲ್ಲಿ ಅವಳ ಕೈ ನಿಧಾನವಾಗುತ್ತಿತ್ತು. ರತ್ನಮ್ಮ ಹಿಟ್ಟಿನ ಕಡೆ ತಿರುಗಿದ ಮೇಲೆ ಮತ್ತೆ ಓಡುತ್ತಿತ್ತು.

‘ಆ ರತ್ನಮ್ಮಂಗೆ ಸೊಕ್ಕು’ ಎಂದು ಒಮ್ಮೆ ಯಾರೋ ಅಂದರು. ‘ಮಗಳು ಎಲ್ಲದಾಳೆ ಹೇಳಿ ಹೋಗಿ ನೋಡೂಕೆ ಎಂತಾ ಬ್ಯಾನೆ ಅವ್ಳಿಗೆ?’

‘ಗಿರಣಿ ಬಿಟ್ಟು ಹೋಗೂಕಾಗ್ತದ್ಯಾ?’ ಎಂದಳು ಹೊನ್ನಮ್ಮ ಸಟ್ಟನೆ. ‘ಊರವ್ರೆಲ್ಲ ಅಕ್ಕಿ ತಂದಿಟ್ಟು ಕೂತಿರೂದಿಲ್ವಾ?’

ಸೋಮು ಮೇಸ್ತ್ರಿ ಸುಮ್ಮನೆ ಕೆಮ್ಮಿದ.

ಎರಡು ಸಾವಿರದ ಐದರ ಬೇಸಿಗೆಗೆ ಮುಂಚೆ ಒಂದು ಹೊಸ ಪುಸ್ತಕ ಬಂತು. ಬಸ್ಸಿನಲ್ಲಿ ನಾನದನ್ನು ಓದಿ ಮುಗಿಸಿ ಕವಿತಾಳಿಗೆ ಕೊಟ್ಟೆ. ಅವಳು ಮನೆಗೊಯ್ದು ಮೊದಲೇ ಒಮ್ಮೆ ಓದಿಕೊಂಡು ಬರುವ ಅಭ್ಯಾಸದವಳು. ಮಾರನೆಯ ದಿನ ಶೆಡ್ಡಿಗೆ ಹೋಗದೆ ನೆಟ್ಟಗೆ ನನ್ನ ಮೇಜಿನ ಹತ್ತಿರ ಬಂದಳು.

‘ಬಾಯಿ, ನೋಡದ್ರಾ ನೀವು? ಕೊನೀಲಿ ಬರದದ್ದು?’

ನೋಡಿದ್ದೆ. ಟೀವಿ ಧಾರಾವಾಹಿಗಳ ಎದುರು ಈ ಪುಸ್ತಕಗಳು ಸೋಲುತ್ತಿದ್ದ ಕಾಲ ಅದು. ಸೌಗಂಧಿನಿಯವರು ಅಂಗಡಿ ಎತ್ತುವ ಮುಂಚೆ ಸಾಮಾನು ಕಟ್ಟುವವರ ಹಾಗೆ ಒಂದೊಂದೇ ಎಳೆಯನ್ನು ಕತ್ತರಿಸುತ್ತಿದ್ದರು. ಕೊನೆಯ ಅಧ್ಯಾಯದಲ್ಲಿ ಎರಡೇ ಸಾಲು: ಗಿರಣಿಯನ್ನು ಮಾರಿ ಆಯಿತು. ರತ್ನಮ್ಮ ಅಣ್ಣನ ಊರಿಗೆ ಹೋಗಿಬಿಟ್ಟಳು. ಮಗಳ ಹೆಸರೇ ಇಲ್ಲ.

‘ಇದನ್ನ ಹೆಂಗೆ ಓದೂದು ನಾನು?’ ಎಂದಳು ಕವಿತಾ. ‘ಅಜ್ಜಿ ಎದ್ರಿಗೆ ಕೂತ್ಕಂಡು?’

‘ಬರೆದದ್ದನ್ನು ಬರೆದ ಹಾಗೆ ಓದು. ಕಥೆ ತಾನೆ?’ ಎಂದೆ. ಲೆಕ್ಕದವರ ಉತ್ತರ. ಅವಳು ನನ್ನನ್ನು ಒಂದು ಗಳಿಗೆ ನೋಡಿ ಹೊರಟುಹೋದಳು.

ಓದು ಮುಗಿಯಲು ನಾಲ್ಕೈದು ದಿನ ಬೇಕಾಯಿತು. ಕೊನೆಯ ದಿನ ನಾನು ತೂಕದ ಚೀಟಿ ಹಿಡಿದು ಶೆಡ್ಡಿನಲ್ಲೇ ಇದ್ದೆ. ಗಿರಣಿಯ ಮಾತು ಬರುವ ಪುಟ ಬಂತು. ಕವಿತಾ ಗಂಟಲು ಸರಿಮಾಡಿಕೊಂಡಳು.

‘ಸಂಜೆಯ ಬಸ್ಸು ನಿಂತಿತು’ ಎಂದು ಓದಿದಳು. ‘ಅದರಿಂದ ಒಬ್ಬ ಹೆಂಗಸು ಇಳಿದಳು. ಕಂಕುಳಲ್ಲಿ ಒಂದು ಕೂಸು. ಅವಳು ಮಾಲಿನಿ.’

ಶೆಡ್ಡಿನಲ್ಲಿ ಚೂರಿಗಳೆಲ್ಲ ನಿಂತವು. ಕವಿತಾ ಪುಸ್ತಕವನ್ನು ಮುಖಕ್ಕೆ ಹತ್ತಿರ ಹಿಡಿದುಕೊಂಡಳು. ‘ಅವಳು ಗಿರಣಿಯ ಹತ್ತಿರ ಬಂದು ಹೊರಗೇ ನಿಂತಳು. ಒಳಗೆ ಬರಲಿಲ್ಲ. ರತ್ನಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಂದ್ಯೇ, ಎಂದಳು. ಬಂದೆ ಅವ್ವೆ, ಎಂದಳು ಮಾಲಿನಿ. ಆಗ ರತ್ನಮ್ಮ ಹೊಸ್ತಿಲಿಗೆ ಅಕ್ಕಿ ಚೆಲ್ಲಿ... ಅಕ್ಕಿ ಚೆಲ್ಲಿ, ಹಾಡಿದಳು. ಅಷ್ಟು ವರ್ಷ ಹಾಡದೇ ಇದ್ದ ಹಾಡನ್ನು ಹಾಡಿದಳು. ಮಾಲಿನಿ ಒಳಗೆ ಬಂದಳು.’

ಸುರಗಿಪೇಟೆಯಲ್ಲಿ ಯಾರೂ ‘ಬಂದ್ಯೇ’ ಎನ್ನುವುದಿಲ್ಲ, ಅಲ್ಲಿ ‘ಬಂದೆಯಾ ಮಗಳೇ’ ಎಂದು ಮೂರು ಚುಕ್ಕಿ ಇಟ್ಟು ಮಾತಾಡುತ್ತಾರೆ. ಅಲ್ಲಿ ಯಾವ ತಾಯಿಯೂ ಮಗಳಿಗೆ ‘ಅವ್ವೆ’ ಅಲ್ಲ. ಆದರೆ ಅದನ್ನೆಲ್ಲ ಗಮನಿಸುವ ಸ್ಥಿತಿಯಲ್ಲಿ ಯಾರಿದ್ದರು? ಹೆಂಗಸರು ಅಳುತ್ತಿದ್ದರು. ಸೋಮು ಮೇಸ್ತ್ರಿ ಕಂಬದ ಆ ಬದಿಗೆ ಮುಖ ಮಾಡಿಕೊಂಡಿದ್ದ. ಕವಿತಾ ಮುಂದಿನ ಪುಟಗಳನ್ನು ಓಡಿಸಿ, ನಾಯಕಿಯ ಮದುವೆ ಮಾಡಿಸಿ ಮುಗಿಸಿದಳು. ಎಲ್ಲರೂ ಹೊನ್ನಮ್ಮನ ಕಡೆ ತಿರುಗಿದರು.

ಹೊನ್ನಮ್ಮ ಅಂದು ಹಾಡಲಿಲ್ಲ. ತಟ್ಟೆಯಲ್ಲಿ ಉಳಿದಿದ್ದ ಬೀಜವನ್ನು ಪೂರ್ತಿ ಬಿಡಿಸಿದಳು. ಕೈ ಕೊಡವಿಕೊಂಡು ನನ್ನ ಹತ್ತಿರ ಬಂದಳು.

‘ಬಾಯಿ, ಕಾರ್ವಾರದಿಂದ ಮಾಜಾಳಿಗೆ ಬಸ್ಸು ಯಾವ್ ಹೊತ್ತಿಗದೆ?’

ಭಾನುವಾರ ಹೋದೆವು. ಅವಳಿಗೆ ಕೊಂಕಣಿ ಬಾರದು, ನನಗೆ ಬರುತ್ತದೆ. ಕವಿತಾ ಬೇಡವೆಂದರೂ ಬಿಡದೆ ಬಂದಳು. ಬೆಳಿಗ್ಗೆ ಕಾರವಾರ ಬಸ್‌ಸ್ಟ್ಯಾಂಡಿನಲ್ಲಿ ಹೊನ್ನಮ್ಮ ಇಳಿದಾಗ ಕೊರಳಿನ ಮಣಿಸರಗಳನ್ನೆಲ್ಲ ತೊಳೆದು ಹಾಕಿಕೊಂಡಿದ್ದಳು. ತಲೆಯ ಮೇಲೊಂದು ಬುಟ್ಟಿ. ಅದರಲ್ಲಿ ಬದನೆ, ಹರಿವೆ, ಒಂದು ಚೀಲ ಅಕ್ಕಿ, ಮೇಲೊಂದು ಹೊಸ ಸೀರೆ. ಅವಳ ಮಗ ಸುಕ್ರ ಬಸ್ಸಿನವರೆಗೆ ಬಂದು ಹತ್ತಿಸಿದನಂತೆ. ‘ತಂಗಿಗೆ ನಾ ಕೇಳ್ದೆ ಹೇಳಿ ಹೇಳು’ ಎಂದನಂತೆ.

ಮಾಜಾಳಿಯ ಬಸ್ಸಿನಲ್ಲಿ ಕವಿತಾಳ ಖುಷಿಗೆ ಮೇರೆ ಇರಲಿಲ್ಲ. ಕಾಳಿ ನದಿಯ ಸೇತುವೆ ದಾಟುವಾಗ ಕಿಟಕಿಯ ಹೊರಗೆ ಅದು ಇದು ಎಂದು ತೋರಿಸಿದಳು. ಹೊನ್ನಮ್ಮ ನೋಡಲಿಲ್ಲ. ಅವಳ ತುಟಿ ಅಲ್ಲಾಡುತ್ತಿತ್ತು. ಮನೆ ತುಂಬಿಸುವ ಹಾಡಿನ ಮೊದಲ ನುಡಿಯನ್ನು ಅವಳು ತನ್ನೊಳಗೇ ಹೇಳಿ ನೋಡಿಕೊಳ್ಳುತ್ತಿದ್ದಳು, ಪರೀಕ್ಷೆಗೆ ಹೊರಟ ಮಗುವಿನ ಹಾಗೆ.

‘ಮರ್ತೋಗದ್ಯಾ ಅಜ್ಜಿ?’ ಎಂದಳು ಕವಿತಾ.

‘ಮರೂಕೆ ಅದೆಂತಾ ನಿನ್ನ ಗಣಿತನಾ?’ ಎಂದಳು ಹೊನ್ನಮ್ಮ. ನಾವು ಮೂವರೂ ನಕ್ಕೆವು. ಎದುರಿನ ಸೀಟಿನವರು ತಿರುಗಿ ನೋಡಿದರು.

ಮಾಜಾಳಿಯಲ್ಲಿ ಮೀನು ಮಾರುತ್ತಿದ್ದ ಒಬ್ಬಾಕೆಯ ಹತ್ತಿರ ವಿನೋದನ ಮನೆ ಕೇಳಿದೆ. ಯಾವ ವಿನೋದ ಎಂದಳು. ಅಂಕೋಲೆಯ ಕಾಮಿಯ ಗಂಡ ಎಂದೆ. ಆಕೆ ನನ್ನನ್ನೂ, ಬುಟ್ಟಿ ಹೊತ್ತ ಹೊನ್ನಮ್ಮನನ್ನೂ ನೋಡಿದಳು. ಮೀನು ತೊಳೆಯುತ್ತಿದ್ದ ಕೈಯನ್ನು ನೀರಿನಿಂದ ತೆಗೆದಳು.

‘ತಿ ಅಂತರ್ಲಿ ನ್ಹಯ್?’ ಎಂದಳು.

ಕೊಂಕಣಿ ಮಾತಾಡುವವರು ಸತ್ತವರನ್ನು ಸತ್ತರು ಎನ್ನದೆ ಹಾಗೆ ಹೇಳುತ್ತಾರೆ. ದೂರವಾದಳಲ್ಲ ಎಂದ ಹಾಗೆ. ಎರಡು ವರ್ಷದ ಹಿಂದಿನ ಮಳೆಗಾಲ, ಜ್ವರ ಬಂದು, ನಾಲ್ಕು ದಿನಕ್ಕೆ. ಇಷ್ಟನ್ನು ನನಗೆ ಹೇಳಿ ಆಕೆ ಮನೆಯ ದಾರಿ ತೋರಿಸಿದಳು.

‘ಎಂತಾ ಹೇಳ್ತು ಅದು?’ ಎಂದು ಹೊನ್ನಮ್ಮ ಕೇಳಿದಳು.

ಜೀವನದಲ್ಲಿ ನಾನು ಮೂರು ಭಾಷೆ ಕಲಿತಿದ್ದೇನೆ. ಆ ಒಂದು ವಾಕ್ಯವನ್ನು ಒಂದರಿಂದ ಇನ್ನೊಂದಕ್ಕೆ ಒಯ್ಯುವಷ್ಟು ಯಾವುದೂ ಬರಲಿಲ್ಲ. ನನ್ನ ಮುಖವನ್ನೇ ಅವಳು ಓದಿಕೊಂಡಿರಬೇಕು. ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

‘ಮನೆ ಯಾವ್ದು ಹೇಳಿ ಕೇಳದ್ರಾ?’ ಎಂದಳು. ‘ಮನೆಗೆ ಹೋಗ್ವ.’

ವಿನೋದ ಮನೆಯಲ್ಲಿದ್ದ. ನಲವತ್ತರ ಹತ್ತಿರದ, ತೆಳ್ಳನೆಯ ಮನುಷ್ಯ. ಹೊನ್ನಮ್ಮನ ಮಣಿಸರಗಳನ್ನು ಕಂಡೇ ಯಾರೆಂದು ತಿಳಿದುಕೊಂಡ. ಜಗಲಿಯಿಂದ ಇಳಿದು ಬಂದು, ಬುಟ್ಟಿಗೆ ಕೈ ಕೊಟ್ಟು ಇಳಿಸಿದ. ಒಳಗಿನಿಂದ ಒಬ್ಬಳು ಬಂದು ನೀರು ಕೊಟ್ಟಳು. ಚಿಕ್ಕ ವಯಸ್ಸಿನವಳು, ಹೆಸರು ಅಮಿತಾ. ಅವನ ಎರಡನೆಯ ಹೆಂಡತಿ ಎಂದು ಅವಳು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಬಾಗಿಲ ಹಿಂದೆ ಏಳೆಂಟು ವರ್ಷದ ಹುಡುಗಿ, ಕಾಮಿಯ ಮಗಳು ಪ್ರೇಕ್ಷಾ. ‘ಆಜಿ ಆಯ್ಲ್ಯಾ’, ಅಜ್ಜಿ ಬಂದಿದ್ದಾಳೆ, ಎಂದು ತಂದೆ ಕರೆದ. ಮಗು ಮಣಿಸರಗಳನ್ನು ನೋಡುತ್ತ ಅಲ್ಲೇ ನಿಂತಿತು.

‘ನಂಗೆ ಯಾಕೆ ಹೇಳಿ ಕಳಸ್ಲಿಲ್ಲ?’ ಎಂದು ಹೊನ್ನಮ್ಮ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ವಿನೋದನ ಕನ್ನಡ ತಡವರಿಸುವಂಥದ್ದು. ‘ಎರಡು ವರ್ಸದ ಹಿಂದೆ, ಜ್ವರ ಬಂದಾಗ ಹೇಳ್ದೆ, ನಿನ್ನ ಅವ್ವೆಗೆ ಫೋನ್ ಗೀನ್ ಮಾಡ್ವ, ಯಾರಿಗಾದ್ರೂ ಹೇಳಿ ಕಳಸ್ವ ಅಂದೆ. ಬೇಡ ಅಂದ್ಳು. ಮಳೆ ಮುಗೀಲಿ, ನಾನೇ ಹೋತೆ ಅಂದ್ಳು. ಈ ಸಲ ಹೋತೆ, ಹಾಡು ಇಲ್ದೇ ಇದ್ರೂ ಹೋತೆ ಅಂದ್ಳು. ಸಾಯೂ ಜ್ವರ ಹೇಳಿ ಯಾರಿಗೆ ಗೊತ್ತಿತ್ತು? ಆಮೇಲೆ...’ ಅವನು ನೆಲ ನೋಡಿದ. ‘ಆಮೇಲೆ ಯಾವ ಮೊಕ ಇಟ್ಕಂಡು ಬರೂದು ಅವ್ವಾ?’

ಹೊನ್ನಮ್ಮ ಅಳಲಿಲ್ಲ. ‘ಕಾಮಿ ಅಡ್ಗೆ ಎಲ್ಲಿ ಮಾಡ್ತಿತ್ತು?’ ಎಂದಳು. ಅಮಿತಾ ಅವಳನ್ನು ಒಳಗೆ ಕರೆದೊಯ್ದಳು. ನಾನೂ ಬಾಗಿಲಿನವರೆಗೆ ಹೋದೆ. ಸಣ್ಣ ಅಡುಗೆಮನೆ. ಎಲ್ಲ ಬದಲಾಗಿತ್ತು. ಹೊಸ ಗ್ಯಾಸ್ ಒಲೆ, ಹೊಸ ಡಬ್ಬಿಗಳು. ಹೊನ್ನಮ್ಮ ಒಂದು ಸುತ್ತು ನೋಡಿದಳು, ಯಾವುದನ್ನೂ ಮುಟ್ಟಲಿಲ್ಲ. ಕಿಟಕಿಯಾಚೆ ಸಮುದ್ರದ ಒಂದು ತುಂಡು ಕಾಣುತ್ತಿತ್ತು. ಅದನ್ನು ಸ್ವಲ್ಪ ಹೊತ್ತು ನೋಡಿದಳು.

ಹೊರಗೆ ಬಂದು ಬುಟ್ಟಿಯಿಂದ ಸೀರೆ ತೆಗೆದಳು. ಒಂದು ಕ್ಷಣ ಅದು ಅವಳ ಕೈಯಲ್ಲೇ ಇತ್ತು. ‘ಹೆಣ್ಣಿಗೆ ತಂದ ಸೀರೆ ತಿರ್ಗಿ ಒಯ್ಯೂದಿಲ್ಲ’ ಎಂದು ಅಮಿತಾಳ ಕೈಗೆ ಕೊಟ್ಟಳು. ಅಮಿತಾ ಏನು ಮಾಡುವುದೆಂದು ಗಂಡನನ್ನು ನೋಡಿ, ಆಮೇಲೆ ಬಾಗಿ ಮುದುಕಿಯ ಕಾಲು ಮುಟ್ಟಿದಳು. ಹೊನ್ನಮ್ಮನ ಬಾಯಿ ತೆರೆಯಿತು. ಸೀರೆ ಕೊಟ್ಟ ಕೈಯ ಹಿಂದೆಯೇ ಹಾಡು ಬರುವುದು ಅವಳ ಜೀವಮಾನದ ರೂಢಿ. ಕವಿತಾ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಾಡು ಬರಲಿಲ್ಲ. ಹೊನ್ನಮ್ಮ ಬಾಯಿ ಮುಚ್ಚಿ, ಅಮಿತಾಳ ತಲೆಯ ಮೇಲೆ ಕೈಯಿಟ್ಟು, ‘ಬದ್ಕು’ ಎಂದಳು.

ಕಾರವಾರ ಬಸ್‌ಸ್ಟ್ಯಾಂಡಿನಲ್ಲಿ ಅಂಕೋಲೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಲ್ಲುಬೆಂಚಿನ ಮೇಲೆ ಕೂತೆವು. ಅಷ್ಟರವರೆಗೆ ಬಿಕ್ಕುತ್ತ ಬಂದಿದ್ದ ಕವಿತಾ ಇದ್ದಕ್ಕಿದ್ದಂತೆ ಹೊನ್ನಮ್ಮನ ಮೊಣಕಾಲು ಹಿಡಿದುಕೊಂಡಳು.

‘ಅಜ್ಜೀ, ನಾ ಸುಳ್ಳು ಓದ್ದೆ. ಮಾಲಿನಿ ಬರ್ಲಿಲ್ಲ. ಪುಸ್ತಕದಾಗೆ ಹಂಗೆ ಇಲ್ವೇ ಇಲ್ಲ. ಗಿರಣಿ ಮಾರಿ ಹೋದ್ರು. ನಾನೇ ಸೇರ್ಸಿ ಓದದ್ದು. ನಾ ಓದದೇ ಇದ್ದಿದ್ರೆ ನೀ ಇಲ್ಲಿ ಬತ್ತಿರ್ಲಿಲ್ಲ. ಅವ್ಳು ಮಾಜಾಳಿಲಿ ಸುಖವಾಗದಾಳೆ ಹೇಳಿ ನೀ ನಂಬ್ಕಂಡೇ ಇರ್ತಿದ್ದೆ...’

‘ಗೊತ್ತದೆ’ ಎಂದಳು ಹೊನ್ನಮ್ಮ.

ನಾವಿಬ್ಬರೂ ಅವಳನ್ನು ನೋಡಿದೆವು.

‘ನೀ ಅಷ್ಟೊತ್ತು ಓದ್ದೆ, ಒಂದ್ ಸಲನೂ ಕಣ್ಣು ಈಚೆಯಿಂದ ಆಚೆ ಹೋಗ್ಲಿಲ್ಲ. ಬರ್ದದ್ದು ಓದೂರ ಕಣ್ಣು ನೇಗ್ಲ ಹಾಂಗೆ ಹೋಗ್ತದೆ, ಬತ್ತದೆ. ನಿಂದು ನಿಂತೇ ಇತ್ತು.’

‘ಮತ್ತೆ ಯಾಕೆ ಬಂದೆ ಅಜ್ಜಿ?’

‘ಬರೂಕೆ ಒಂದು ನೆವ ಬೇಕಾಗಿತ್ತು ಮಗಾ. ಊರೆದ್ರಿಗೆ ಆಡಿದ ಮಾತು. ಸುಮ್ನೆ ಬರೂಕಾಗ್ತದ್ಯಾ? ಪುಸ್ತಕದಾಗೆ ಬಂತು, ಅದಕ್ಕೆ ನಾ ಹೋದೆ ಹೇಳೂಕೆ ಬತ್ತದೆ ಅಂದ್ಕಂಡೆ.’ ಅವಳು ಖಾಲಿ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ, ಬೈಯುವ ದನಿಯಲ್ಲೂ ಅಲ್ಲ, ಬೇಡುವ ದನಿಯಲ್ಲೂ ಅಲ್ಲ, ‘ಆ ಸುಳ್ಳು ಎರಡ್ ವರ್ಸ ಮುಂಚೆ ಹೇಳೂಕಾಗ್ಲಿಲ್ವೇನೇ ನಿಂಗೆ?’ ಎಂದಳು.

ಅಂಕೋಲೆ ಬಸ್ಸು ಬಂತು. ಕಂಡಕ್ಟರು ಕೂಗುತ್ತಿದ್ದ. ಹತ್ತಿಸಿ ಬಂದೆ.

ಮಾರನೆಯ ದಿನ ಇಬ್ಬರೂ ಕೆಲಸಕ್ಕೆ ಬಂದರು. ಶೆಡ್ಡಿಗೆ ಸುದ್ದಿ ಮುಟ್ಟಿತ್ತು. ಕವಿತಾ ಪುಸ್ತಕ ಮುಟ್ಟಲೇ ಇಲ್ಲ. ಒಂದು ವಾರ ಬರೀ ಚೂರಿಗಳ ಸದ್ದು. ಕೊನೆಗೆ ಹೊನ್ನಮ್ಮನೇ ಒಂದು ಹಿಡಿ ಬಿಡಿಸಿದ ಬೀಜವನ್ನು ಕವಿತಾಳ ತಟ್ಟೆಗೆ ಹಾಕಿ, ‘ಓದು’ ಎಂದಳು. ಕವಿತಾ ಓದಿದಳು. ಕೊನೆಯ ಪುಟದಲ್ಲಿ ಮದುವೆಯಾಯಿತು. ಹೆಂಗಸರು ಕಾದರು. ಹೊನ್ನಮ್ಮನ ಚೂರಿ ಅದರ ಪಾಡಿಗೆ ಓಡುತ್ತಿತ್ತು. ಯಾರಿಗೂ ಶುರು ಮಾಡುವ ಧೈರ್ಯವಾಗಲಿಲ್ಲ.

‘ಆಯ್ತಲ್ಲ ಮದುವೆ’ ಎಂದ ಸೋಮು ಮೇಸ್ತ್ರಿ. ‘ಕೈ ಓಡ್ಲಿ, ಕೈ ಓಡ್ಲಿ.’

ಆಮೇಲೆ ಸುರಗಿಪೇಟೆಯಲ್ಲಿ ಇನ್ನೂ ನಾಲ್ಕೈದು ಮದುವೆಗಳಾದವು. ಹಾಡಿಲ್ಲದೆಯೇ ಆದವು. ಊರಿನ ಮದುವೆಗಳಿಗೂ ಹೊನ್ನಮ್ಮ ವೀಳ್ಯ ತೆಗೆದುಕೊಳ್ಳುವುದನ್ನು ಬಿಟ್ಟಳು. ವಿನೋದ ಒಮ್ಮೆ ಮಗಳನ್ನು ಕರೆದುಕೊಂಡು ಬಂದು ಹೋದನಂತೆ. ಮಗುವಿಗೂ ಅಜ್ಜಿಗೂ ಮಾತು ಹೊಂದಲಿಲ್ಲ, ಇಬ್ಬರೂ ಅಂಗಳದಲ್ಲಿ ಕೂತು ಹರಿವೆ ಸೊಪ್ಪು ಬಿಡಿಸಿದರಂತೆ.

ಎರಡು ಸಾವಿರದ ಏಳರಲ್ಲಿ ಕವಿತಾಳಿಗೆ ಹಣಕೋಣದ ಒಬ್ಬ ಡ್ರೈವರನೊಡನೆ ಮದುವೆ ಗೊತ್ತಾಯಿತು. ನಿನ್ನ ಹಾಡಿಲ್ಲದೆ ನಾ ಹೋಗುವುದಿಲ್ಲ ಎಂದು ಅವಳು ಹೊನ್ನಮ್ಮನ ಎದುರು ಹಟ ಹಿಡಿದಳು. ‘ಹಂಗೆಲ್ಲ ಮಾತು ಆಡಬೇಡ. ಆಡಬೇಡ ಹೇಳ್ದೆ’ ಎಂದು ಹೊನ್ನಮ್ಮ ಹೆದರಿದವಳ ಹಾಗೆ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. ಮದುವೆಗೆ ಬಂದಳು. ಹಾಡುವವರ ಗುಂಪಿನ ಹಿಂದೆ, ಚಪ್ಪರದ ಕಂಬಕ್ಕೆ ಒರಗಿ ಕೂತಳು. ಬಾಸಿಂಗದ ಹಾಡಿನ ನಡುವೆ ಮುಂದಿನ ನುಡಿ ಯಾರಿಗೂ ನೆನಪಾಗದೆ ಹೆಂಗಸರು ಹಿಂದೆ ತಿರುಗಿದರು. ಹೊನ್ನಮ್ಮ ಆ ಸಾಲನ್ನು ಹೇಳಿದಳು, ದಾರಿ ಕೇಳಿದವರಿಗೆ ದಾರಿ ಹೇಳುವ ಹಾಗೆ. ಅವರು ಅದನ್ನು ಎತ್ತಿಕೊಂಡು ಹಾಡಿದರು. ಮತ್ತೆ ಮರೆತರು, ಮತ್ತೆ ಹೇಳಿದಳು. ಹೇಳಿಕೊಟ್ಟಳು, ಹಾಡಲಿಲ್ಲ.

ಕವಿತಾ ಗಂಡನ ಮನೆಗೆ ಹೊರಡುವ ವ್ಯಾನಿನ ಹತ್ತಿರ ಮಾತ್ರ ಅವಳು ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಮದುಮಗಳ ಕಿವಿಗೆ ಬಾಯಿಟ್ಟು ಏನೋ ಹೇಳಿದಳು. ಕವಿತಾ ಅತ್ತ ಅಳು ಆ ಹೊತ್ತಿಗೆ ಎಲ್ಲ ಹುಡುಗಿಯರೂ ಅಳುವ ಅಳುವಾಗಿರಲಿಲ್ಲ. ಹೇಳಿದ್ದು ಏನೆಂದು ಬಹಳ ದಿನಗಳ ಮೇಲೆ ಕವಿತಾಳೇ ನನಗೆ ಹೇಳಿದಳು:

‘ಅವ್ವೆ ಕೂಡೆ ಜಗಳಾದ್ರೆ ನಂಗೆ ಹುಷಾರಿಲ್ಲ ಹೇಳಿ ಬಾ. ಹೊನ್ನಜ್ಜಿ ಸಾಯೂಕೆ ಬಿದ್ದದೆ ಹೇಳು, ನಾ ಮಲ್ಕಂತೆ. ನೆವ ನಾ ಕೊಡ್ತೆ, ನೀ ಬಾ.’